ಕೊಮಾದ್ರೆ ಇಟ್ಟ ಹೆಸರು

ನಮ್ಮ ಬೀದಿಯ ಏರು ಎಂಥದ್ದೆಂದರೆ, ಮೇಲಿನ ಮನೆಯವರ ಕೈಯಿಂದ ಕಿತ್ತಳೆ ಹಣ್ಣು ಜಾರಿದರೆ ಅದನ್ನು ತಿನ್ನುವವರು ಕೆಳಗಿನ ಮನೆಯವರು. ನಮ್ಮ ಬೆಟ್ಟದೂರು ಔರೊ ಪ್ರೆಟೊದಲ್ಲಿ ಎಲ್ಲ ಬೀದಿಗಳೂ ಹೀಗೇ. ಅದಕ್ಕೇ ಇಲ್ಲಿನವರ ಮೊಣಕಾಲು ಗಟ್ಟಿ, ಬಾಯಿ ಇನ್ನೂ ಗಟ್ಟಿ. ಏರಿನ ನಡುಮಧ್ಯದಲ್ಲಿ ನನ್ನ ಅಂಗಡಿ. ಬೆಳಿಗ್ಗೆ ಕಾಫಿ, ಚೀಸ್ ಬನ್ನು. ಸಂಜೆ ಕಬ್ಬಿನ ಸಾರಾಯಿ. ಎದುರಿಗೆ ವಿಶ್ವವಿದ್ಯಾಲಯದ ಹುಡುಗರು ತಾವೇ ನಡೆಸಿಕೊಂಡು ಬಂದಿರುವ ಮನೆ. ಅದರ ಹೆಸರು 'ಕುಂಟು ಮೇಜು'. ಅಲ್ಲಿನ ಊಟದ ಮೇಜಿನ ಒಂದು ಕಾಲು ಗಿಡ್ಡ. ಅದನ್ನು ಯಾರೂ ಸರಿಮಾಡಿಸಕೂಡದು ಎಂದು ಆ ಮನೆಯ ಕಟ್ಟಳೆ. ಎಂಜಿನಿಯರಿಂಗ್ ಓದುವವರ ಮನೆಯಲ್ಲಿ ಇಂಥ ಕಟ್ಟಳೆ ನೋಡಿದ ಮೇಲೆ ನಾನು ಈ ಊರಿನ ಸೇತುವೆಗಳ ಮೇಲೆ ಸ್ವಲ್ಪ ಬೇಗಬೇಗ ನಡೆಯುತ್ತೇನೆ.

ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳ ಕಥೆ ಹೇಳಬೇಕು. ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕೊಮಾದ್ರೆ ಎಂದು. ಹುಡುಗರ ಮನೆಗಳಲ್ಲಿ ಒಲೆ ನೋಡಿಕೊಳ್ಳುವ ಹೆಂಗಸನ್ನು ಇಲ್ಲಿ ಹಾಗೆಯೇ ಕರೆಯುವುದು. ಅರ್ಧ ತಾಯಿ, ಅರ್ಧ ನೆಂಟಳು, ಬೈಯುವಾಗ ಪೂರ್ತಿ ತಾಯಿ. ದಪ್ಪ ಕೈ, ಸಣ್ಣ ಕಣ್ಣು, ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿದ ಒರೆಸುಬಟ್ಟೆ. ಗಂಡ ಕೆಲಸ ಹುಡುಕಿಕೊಂಡು ಸಾವೊ ಪಾವ್ಲೊಗೆ ಹೋದವನು ಇನ್ನೂ ಹುಡುಕುತ್ತಲೇ ಇದ್ದಾನೆ. ಮಕ್ಕಳಿಲ್ಲ. ಪಾದ್ರಿಗಳ ಬಟ್ಟೆ ಒಗೆಯುವುದನ್ನು ಬಿಟ್ಟು ಅವಳು ಈ ಮನೆ ಸೇರಿದಾಗ ನನ್ನ ಅಂಗಡಿಗೆ ಬಾಗಿಲೂ ಇರಲಿಲ್ಲ.

ಅವಳು ಸೇರಿದ ವರ್ಷವೇ ಒಬ್ಬ ಹುಡುಗ ಬಂದನಂತೆ. ಅವನ ಹೆಸರಿನೊಳಗೆ ಅಜ್ಜ, ಮುತ್ತಜ್ಜ, ಎರಡು ಸಂತರು, ಒಂದು ಊರು ಎಲ್ಲ ಸೇರಿಕೊಂಡಿದ್ದವು. ಅನ್ನ ಬಡಿಸುವಾಗ ಅಷ್ಟುದ್ದದ ಹೆಸರು ಕೂಗುವಷ್ಟರಲ್ಲಿ ಅನ್ನ ಆರುತ್ತದೆ. ಅವಳು ಅವನ ಮುಖ ನೋಡಿ, "ಕಪ್ಪೆ, ತಟ್ಟೆ ಕೊಡೋ" ಎಂದಳು. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಹುಡುಗನೂ ನಕ್ಕ. ಅಲ್ಲಿಂದ ಅದೇ ಪದ್ಧತಿಯಾಯಿತು. ಹೊಸ ಹುಡುಗ ಬಂದು ಮೊದಲ ಕೆಲವು ದಿನ ಊಟ ಮಾಡುವುದನ್ನು ಕೊಮಾದ್ರೆ ಒಲೆಯ ಪಕ್ಕದಲ್ಲಿ ನಿಂತು ನೋಡುತ್ತಾಳೆ. ಆಮೇಲೊಂದು ದಿನ ಸೌಟಿನಿಂದ ಮೇಜು ಕುಟ್ಟಿ ಹೆಸರಿಡುತ್ತಾಳೆ. ಕುಟ್ಟಿದ್ದೇ ತಡ, ಅಪ್ಪ ಅಮ್ಮ ಇಟ್ಟ ಹೆಸರು ಸತ್ತಂತೆ. ಆ ಕಪ್ಪೆ ಈಗ ಎಲ್ಲೋ ಗಣಿಯೊಂದರ ದೊಡ್ಡ ಯಜಮಾನ. ಅಕ್ಟೋಬರಿನಲ್ಲಿ ಹಳೇ ವಿದ್ಯಾರ್ಥಿಗಳು ಸೇರುವ ಹಬ್ಬಕ್ಕೆ ಕಾರಿನಲ್ಲಿ ಬಂದಿಳಿಯುತ್ತಾನೆ, ಕೊಮಾದ್ರೆ ಕಿಟಕಿಯಿಂದ "ಕಪ್ಪೇ" ಎಂದರೆ ಕೋಟು ಬಿಚ್ಚಿ ಓಡಿ ಬರುತ್ತಾನೆ.

"ಯಾಕೇ ಹುಡುಗರ ಹೆಸರು ಹಾಳು ಮಾಡ್ತೀಯ?" ಎಂದು ನಾನೊಮ್ಮೆ ಕೇಳಿದ್ದೆ.

"ನಿಂಗೇನು ಗೊತ್ತು ಝುಲ್ಮಿರಾ. ಹೊಸ ಹುಳ ಬಂದ ವಾರ ನೋಡು, ಬಚ್ಚಲಮನೆ ಬಾಗಿಲು ಹಾಕ್ಕೊಂಡು ಅಳ್ತಿರ್ತವೆ. ಕೈಗೊಂದು ಕೆಲಸ ಕೊಟ್ಟು, ಬೇರೆ ಹೆಸರಿಟ್ಟುಬಿಟ್ರೆ, ಮನೆ ನೆನಪಾಗೋದು ಆ ಹಳೇ ಹುಡುಗನಿಗೆ. ಇವನು ಆರಾಮಾಗಿರ್ತಾನೆ."

ಇದು ಜಾಣತನವೋ ಮೂರ್ಖತನವೋ ನನಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಬೇರೆ ಮನೆಗಳಿಂದ ಹೊಸ ಹುಡುಗರು ಗಂಟುಮೂಟೆ ಕಟ್ಟಿಕೊಂಡು ಬಸ್ ಹತ್ತುವುದನ್ನು ನೋಡಿದ್ದೇನೆ. ಕುಂಟು ಮೇಜಿನಿಂದ ಹಾಗೆ ಹೋದವರು ಕಡಿಮೆ.

ನಾನು ಹೇಳಹೊರಟ ವರ್ಷ ನಾಲ್ಕು ಹುಳಗಳು, ಅಂದರೆ ಹೊಸ ಹುಡುಗರು, ಬಂದಿದ್ದವು. ಜನ ಕೈಯಲ್ಲಿ ಫೋನು ಹಿಡಿದು ಓಡಾಡುವ ಕಾಲ ಇನ್ನೂ ಬಂದಿರಲಿಲ್ಲ. ಆ ಮನೆಗೆ ಫೋನೇ ಇರಲಿಲ್ಲ, ಬೀದಿ ಕೊನೆಯ ಡಬ್ಬಿಫೋನೇ ಎಲ್ಲರಿಗೂ ಗತಿ. ಪದ್ಧತಿಯಂತೆ ನಾಲ್ವರ ತಲೆಯನ್ನೂ ನುಣ್ಣಗೆ ಬೋಳಿಸಿ, ಕೊರಳಿಗೆ ರಟ್ಟಿನ ಫಲಕ ತೂಗುಹಾಕಿದರು. ಫಲಕದ ಮೇಲೆ ಕೊಮಾದ್ರೆ ಇಟ್ಟ ಹೆಸರು. ಒಬ್ಬ ಮರಗೆಣಸು. ಒಬ್ಬ ಕೂತಲ್ಲೇ ಮಲಗಿಬಿಡುವ ಏಳುನಿದ್ದೆ. ಒಬ್ಬ ಬೆಣ್ಣೆ. ನಾಲ್ಕನೆಯವನು ಗುಡುಗು.

ಗುಡುಗು ಬಂದ ಮೊದಲ ವಾರ ಯಾರೊಡನೆಯೂ ಮಾತಾಡಲಿಲ್ಲ. ಡಬ್ಬಿಫೋನಿನ ಹತ್ತಿರ ಹೋಗಿ ಬಂದು ಗ್ಯಾಸ್ ಸಿಲಿಂಡರಿನ ಹಿಂದೆ ಕೂತು ಅಳುತ್ತಿದ್ದ. ಕೊಮಾದ್ರೆ ಏನೂ ಕೇಳದೆ ಅವನ ಮುಂದೆ ಒಂದು ಬುಟ್ಟಿ ಈರುಳ್ಳಿ ಇಟ್ಟಳು. ಅಳುವುದಕ್ಕೆ ಒಂದು ನೆಪ ಸಿಕ್ಕಿತು ಎಂದು ಅವನು ಮೂರು ದಿನ ಹೆಚ್ಚಿದ. ಆಮೇಲೊಂದು ಮಧ್ಯಾಹ್ನ ಮೇಜು ಕುಂಟಿತು. ಕರಿ ಹುರುಳಿಯ ಸಾರಿನ ಪಾತ್ರೆ ಜಾರಿ ಮನೆಯ ಹಿರಿಯ ವಿದ್ಯಾರ್ಥಿಯ ಮಡಿಲಿಗೆ ಬಿತ್ತು. ಈ ಹಿರಿಯನ ಹೆಸರು ಪಾದ್ರಿ. ಆರು ವರ್ಷದಿಂದ ಓದುತ್ತಿದ್ದ, ಉಪದೇಶ ಮಾಡುವುದರಲ್ಲಿ ಮಾತ್ರ ಪಾಸಾಗಿದ್ದ. ಪಾದ್ರಿಯ ಮಡಿಲಿನಲ್ಲಿ ಸಾರು ಕಂಡದ್ದೇ ಆ ಮೌನಿ ಹುಡುಗ ನಕ್ಕುಬಿಟ್ಟ. ಎಂಥ ನಗು ಅದು! ಹೊಟ್ಟೆಯೊಳಗಿಂದ ಉರುಳಿಕೊಂಡು ಬಂದು, ಗಂಟಲಲ್ಲಿ ಒಂದು ಕ್ಷಣ ನಿಂತು, ಆಮೇಲೆ ಸಿಡಿಯಿತು. ತಟ್ಟೆಗಳು ಗಲಗಲ ಅಂದದ್ದು ನನ್ನ ಅಂಗಡಿಗೆ ಕೇಳಿಸಿತು. ಕೊಮಾದ್ರೆ ಸೌಟು ಕುಟ್ಟಿದಳು. "ಗುಡುಗು," ಎಂದಳು. ಅಂದಿನಿಂದ ಅವನು ದಿನಾ ನಗುತ್ತಿದ್ದ, ಎರಡು ತಟ್ಟೆ ಹುರುಳಿ ಸಾರು ಹೊಡೆಯುತ್ತಿದ್ದ. ನನ್ನ ಮಧ್ಯಾಹ್ನದ ನಿದ್ದೆ ಮಣ್ಣುಪಾಲಾಯಿತು.

ತರಗತಿ ಶುರುವಾಗಿ ಸ್ವಲ್ಪ ದಿನಕ್ಕೆ ಹೊಸ ಹುಡುಗರ ಮನೆಯವರನ್ನು ಕರೆದು ಫೆಜ್ವಾದಾ ಊಟ ಹಾಕುವುದು ಆ ಮನೆಯ ರೂಢಿ. ಹಂದಿಮಾಂಸ ಹಾಕಿ ಕುದಿಸಿದ ಕರಿ ಹುರುಳಿ, ಹುರಿದ ಮರಗೆಣಸಿನ ಹಿಟ್ಟು, ಸೊಪ್ಪು, ಕಿತ್ತಳೆ ಹೋಳು. ಮಗ ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ ನೋಡಿದರೆ ತಾಯಂದಿರಿಗೆ ಸಮಾಧಾನ. ಈ ಸಲ ಪಾದ್ರಿಗೆ ಒಂದು ಹೊಸ ಯೋಜನೆ ಹೊಳೆಯಿತು.

"ಪಾಪ, ಊರು ಗೊತ್ತಿಲ್ಲದ ತಾಯಂದಿರು. ಬಸ್ ಸ್ಟ್ಯಾಂಡಲ್ಲಿ ಕಂಗಾಲಾಗ್ತಾರೆ. ನಾಲ್ಕೂ ಹುಳಗಳು ಮುಖಕ್ಕೆ ಹಸಿರು ಬಣ್ಣ ಬಳಕೊಂಡು, ಫಲಕ ಎದ್ದು ಕಾಣೋ ಹಾಗೆ ಹಿಡ್ಕೊಂಡು ನಿಂತ್ಕೊಳ್ಳಲಿ. ಬಸ್ ಇಳಿದ ತಕ್ಷಣ ಮಗನ ಗುರುತು ಸಿಗತ್ತೆ," ಎಂದ.

ಮನೆಯಲ್ಲಿ ಹನ್ನೆರಡು ತಲೆ. ಹನ್ನೆರಡೂ "ಆಹಾ, ಒಳ್ಳೆ ಐಡಿಯಾ" ಎಂದವು. ತಲೆ ಬೋಳಿಸಿ, ಮುಖಕ್ಕೆ ಹಸಿರು ಬಳಿದು, ತಾಯಿ ಜನ್ಮದಲ್ಲಿ ಕೇಳಿರದ ಹೆಸರು ಬರೆದು ಕೊರಳಿಗೆ ಹಾಕಿದರೆ ತಾಯಿಗೆ ಹೇಗಯ್ಯಾ ಗುರುತು ಸಿಗುತ್ತದೆ ಎಂದು ಒಬ್ಬನಿಗೂ ಹೊಳೆಯಲಿಲ್ಲ. ಸಾರಿಗೆ ಉಪ್ಪು ನೋಡುತ್ತಿದ್ದ ಕೊಮಾದ್ರೆಗೂ ಹೊಳೆಯಲಿಲ್ಲ. ಅವರಿಗೆ ಆ ಹೆಸರುಗಳೇ ನಿಜವಾದ ಹೆಸರುಗಳಾಗಿದ್ದವು.

ಭಾನುವಾರ ಬೆಳಿಗ್ಗೆ ನಾನು ಅಂಗಡಿ ಬಾಗಿಲು ತೆಗೆಯುವುದಕ್ಕೂ ಮುಂಚೆ ಒಬ್ಬ ಹೆಂಗಸು ಕುಂಟು ಮೇಜಿನ ಕದ ತಟ್ಟುತ್ತಿದ್ದಳು. ಕಪ್ಪು ಲಂಗ, ಭುಜದ ಮೇಲೆ ಶಾಲು, ಕಂಕುಳಲ್ಲಿ ಒಂದು ತಲೆದಿಂಬು, ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಬಸ್ಸಿಗೆ ಕಾಯದೆ ಹಾಲಿನ ಲಾರಿಯಲ್ಲಿ ಬಂದಿದ್ದಳು. ಹುಳಗಳು ಬಸ್ ನಿಲ್ದಾಣಕ್ಕೆ ಆಗಷ್ಟೇ ಬೇರೆ ದಾರಿಯಿಂದ ಹೊರಟುಹೋಗಿದ್ದವು. ನಿದ್ದೆಗಣ್ಣಿನ ಪಾದ್ರಿ ಬಾಗಿಲು ತೆಗೆದ.

"ನಮ್ ಲೊರಿವಾಲ್ ಅವ್ನಾ ಮಗಾ?" ಎಂದಳು. "ನಾನು ಅವನವ್ವ, ಬೆರ್ನಾರ್ದಾ."

"ಲೊರಿವಾಲಾ?" ಪಾದ್ರಿ ಒಳಗೆ ತಿರುಗಿ ಕೂಗಿದ. "ಲೋ, ಲೊರಿವಾಲ್ ಅಂತ ಯಾರಾದ್ರೂ ಇದಾರೇನ್ರೋ?"

ಒಳಗಿಂದ ಒಂದೊಂದೇ ಧ್ವನಿ ಬಂತು. ಇಲ್ಲ. ಇಲ್ಲವಲ್ಲ. ಯಾರದು?

"ಇಲ್ಲ ದೋನಾ, ಇಲ್ಲಿ ಆ ಹೆಸರಿನೋರು ಯಾರೂ ಇಲ್ಲ." ಹಿರಿಯ ಹೆಂಗಸರನ್ನು ಮರ್ಯಾದೆಗೆ ಇಲ್ಲಿ ದೋನಾ ಎಂದೇ ಕರೆಯುವುದು.

"ಕುಂಟು ಮೇಜು ಅಂದ್ರೆ ಇದೇ ಅಲ್ವಾ?"

"ಇದೇ."

"ಇಲ್ಲೇ ಇವ್ನಿ ಅಂತ ಫೋನಲ್ಲಿ ಅಂದ್ನಲ್ಲಪ್ಪ."

ಪಾದ್ರಿ ತಲೆ ಕೆರೆದುಕೊಂಡ. ಕೊಮಾದ್ರೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ತಾಯಿಯ ಮುಖ ನೋಡಿ ಅವಳಿಗೆ ಮರುಕ ಹುಟ್ಟಿತು. "ಬನ್ನಿ, ಒಳಗೆ ಬನ್ನಿ. ನಿಮ್ಮ ಹುಡುಗ ನೋಡೋಕೆ ಹೇಗಿದಾನೆ ಹೇಳಿ, ನಾನು ಹುಡುಕಿ ಕೊಡ್ತೀನಿ. ಈ ಬೆಟ್ಟದ ಮೇಲೆ ನಂಗೆ ಗೊತ್ತಿಲ್ಲದ ಹುಳ ಇಲ್ಲ."

"ತಲೆ ತುಂಬ ಗುಂಗ್ರು ಕೂದ್ಲು, ಕುರಿಮರಿ ತರ."

ಕೊಮಾದ್ರೆ ನಾಲ್ಕು ನುಣ್ಣನೆಯ ಬುರುಡೆಗಳನ್ನು ನೆನಪಿಸಿಕೊಂಡಳು. ಅವುಗಳ ಮೇಲೆ ಮುಂಚೆ ಏನು ಬೆಳೆದಿತ್ತು ಎಂದು ನೆನಪಾಗಲಿಲ್ಲ.

"ಮಾತು ಕಮ್ಮಿ ಕಣವ್ವ. ಅವರಪ್ಪ ಹೋದ್ಮೇಲೆ ಮಾತೇ ಇಲ್ಲ. ನಗೋದಂತೂ ನಾನು ಕಂಡೇ ಇಲ್ಲ. ಹುರುಳಿ ಸಾರು ಮುಟ್ಟಲ್ಲ. ಈ ದಿಂಬಿಲ್ದೆ ನಿದ್ದೆ ಬರಾಕಿಲ್ಲ ಅವನ್ಗೆ. ಅದಕ್ಕೇ ತಂದೆ."

ಕೊಮಾದ್ರೆ ಬೆರಳು ಮಡಚಿದಳು. ಮರಗೆಣಸು ಬಾಯಿ ಮುಚ್ಚುವುದೇ ಇಲ್ಲ. ಬೆಣ್ಣೆ ದೊಡ್ಡ ವಕೀಲನ ಮಗ, ಅವನ ತಾಯಿ ಶಾಲು ಹೊದ್ದು ಲಾರಿಯಲ್ಲಿ ಬರುವವಳಲ್ಲ. ಏಳುನಿದ್ದೆಗೆ ಕಲ್ಲಿನ ಮೇಲೂ ನಿದ್ದೆ. ಗುಡುಗು? ಅಯ್ಯೋ ದೇವರೇ, ಗುಡುಗು ಎಲ್ಲಿ, ನಗದ ಹುಡುಗ ಎಲ್ಲಿ. ಅವಳ ಬೆರಳುಗಳು ಮುಗಿದವು.

"ಮಾತಾಡದ ಹುಡುಗ್ರು ನಮ್ಮಲ್ಲಿ ಉಳಿಯಲ್ಲ, ದೋನಾ. ಅಂಥವರು ಮೇಲಿನ ಮನೆಗೆ ಹೋಗ್ತಾರೆ. ಅಲ್ಲಿ ಎಲ್ಲರೂ ಲೆಕ್ಕ ಮಾಡ್ತಾ ಕೂತಿರ್ತಾರೆ," ಎಂದಳು.

ಪಾದ್ರಿ ಗೋಡೆಯ ಮೇಲೆ ಹಳೆಯ ವಿದ್ಯಾರ್ಥಿಗಳ ಫೋಟೊಗಳಲ್ಲಿ ಒಬ್ಬ ಲೊರಿವಾಲನನ್ನು ಪತ್ತೆಹಚ್ಚಿ, ಬಹಳ ಸಂತೋಷದಿಂದ ತಂದು ತೋರಿಸಿದ. ಫೋಟೊದಲ್ಲಿದ್ದವನಿಗೆ ದಪ್ಪ ಮೀಸೆ. ಬೆರ್ನಾರ್ದಾಳಿಗಿಂತ ದೊಡ್ಡವನು. ಅವಳು ಅದನ್ನು ಮರ್ಯಾದೆಯಿಂದ ಎರಡೂ ಕೈಯಲ್ಲಿ ಹಿಡಿದು ನೋಡಿ, "ಇವನಲ್ಲ ಮಗಾ," ಎಂದು ಹಿಂದಕ್ಕೆ ಕೊಟ್ಟಳು.

ಮೇಲಿನ ಮನೆಯಲ್ಲಿ ಕೇಳಿದಳು. ಇಲ್ಲ ಎಂದರು. ಅಲ್ಲಿಯ ಹುಡುಗರಿಗೂ ಹೆಸರುಗಳು ಉದುರಿಹೋಗಿದ್ದವು. ಕೆಳಗಿನ ಮನೆಯಲ್ಲಿ ಕೇಳಿದಳು. ಅಲ್ಲೂ ಇಲ್ಲ. ಚರ್ಚಿನ ಹತ್ತಿರದ ಮನೆಯವರು ಮತ್ತೆ ಕುಂಟು ಮೇಜಿಗೇ ಹೋಗಿ ಎಂದರು. ವಿಶ್ವವಿದ್ಯಾಲಯದ ಕಚೇರಿಗೆ ಭಾನುವಾರ ಬೀಗ. ಏರು ಹತ್ತಿ ಇಳಿದು ಕೊನೆಗೆ ನನ್ನ ಅಂಗಡಿಯ ಬೆಂಚಿನ ಮೇಲೆ ದಿಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಕಾಫಿ ಕೊಟ್ಟೆ. ಕುಡಿಯಲಿಲ್ಲ.

"ಸುಳ್ಳು ಹೇಳಿದ್ನಾ ಅಂತ," ಎಂದಳು. ನನ್ನ ಕಡೆ ನೋಡಲಿಲ್ಲ. "ಬಂದ ಹೊಸದ್ರಲ್ಲಿ ಫೋನಲ್ಲಿ ಅಳ್ತಿದ್ದ. ಕರ್ಕೊಂಡೋಗವ್ವ ಅಂತಿದ್ದ. ಆಮೇಲೆ ಒಂದು ದಿನ ಇದ್ದಕ್ಕಿದ್ದಂಗೆ, ಎಲ್ಲಾ ಚೆನ್ನಾಗೈತೆ ಬಿಡು ಅಂದ. ಅಷ್ಟು ಬೇಗ ಹೆಂಗೆ ಚೆನ್ನಾಗಾಗುತ್ತೆ? ಕಾಲೇಜಿಗೇ ಸೇರಿಲ್ವೋ ಏನೋ. ಎಲ್ಲಾದ್ರೂ ಗಾರೆ ಕೆಲಸ ಮಾಡ್ಕೊಂಡು, ನನಗೆ ಹೇಳಾಕೆ ನಾಚ್ಕೊಂಡು... ಸಿಕ್ಕಿದ್ರೆ ಕರ್ಕೊಂಡು ಹೋಗ್ಬಿಡೋಣ ಅಂತ್ಲೇ ಬಂದೆ. ಈಗ ನೋಡುದ್ರೆ ಹುಡುಗನೇ ಇಲ್ಲ."

ನಾನು ಆರಿದ ಕಾಫಿ ಚೆಲ್ಲಿ ಬಿಸಿಯದು ತಂದಿಟ್ಟೆ. ಹುಡುಗ ಇದ್ದಾನೋ ಇಲ್ಲವೋ, ಸುಳ್ಳು ಹೇಳಿದನೋ ಇವಳೇ ಊರು ತಪ್ಪಿ ಬಂದಳೋ, ಒಂದೂ ಅರ್ಥವಾಗದೆ ಇಬ್ಬರೂ ಎದುರಿನ ಮನೆಯನ್ನು ನೋಡುತ್ತಾ ಕೂತೆವು.

ಎದುರಿಗೆ ಊಟದ ಗದ್ದಲ. ಬಸ್ಸುಗಳು ಬಂದು, ಮೂರು ಕುಟುಂಬಗಳು ಮೂರು ಹಸಿರು ಬುರುಡೆಗಳೊಂದಿಗೆ ಬಂದು ಸೇರಿದ್ದವು. ಮರಗೆಣಸಿನ ತಾಯಿ ಮಗ ಮೈಮೇಲೆ ಬಂದು ಬಿದ್ದಾಗ ಕಳ್ಳನೆಂದು ಕೈಚೀಲದಿಂದ ಹೊಡೆದಳಂತೆ. ಅದೂ ನಗೆಗೆ ಒಂದು ವಿಷಯವಾಯಿತು. ಕೊಮಾದ್ರೆ ನನ್ನ ಅಂಗಡಿಗೆ ಬಂದು ಬೆರ್ನಾರ್ದಾಳನ್ನು ಊಟಕ್ಕೆ ಕರೆದಳು.

"ಬೇಡ ಕಣವ್ವ. ಬೇರೆಯೋರ ಮಕ್ಳು ಉಣ್ಣೋದು ನೋಡ್ತಾ ಗಂಟ್ಲಲ್ಲಿ ಇಳಿಯಾಕಿಲ್ಲ."

"ಹಾಗಂದ್ರೆ ಹೇಗೆ? ನಮ್ಮ ಗುಡುಗೂ ಪಾಪ ಊಟಕ್ಕೆ ಬಂದಿಲ್ಲ. ಅವನ ತಾಯಿ ಬರಲೇ ಇಲ್ಲವಂತೆ. ಬಸ್ ಸ್ಟ್ಯಾಂಡ್ ಬಿಟ್ಟು ಕದಲಲ್ಲ ಅಂತ ಕೂತಿದಾನಂತೆ. ಇವತ್ತೇನು ಗ್ರಹಚಾರವೋ, ತಾಯಿಗೆ ಮಗ ಸಿಕ್ಕಲ್ಲ, ಮಗನಿಗೆ ತಾಯಿ ಸಿಕ್ಕಲ್ಲ."

ನಿಮಗೆ ಎಂದೋ ಗೊತ್ತಾಗಿರಬೇಕು. ನಮಗೆ ಗೊತ್ತಾಗಲಿಲ್ಲ. ಅವಳು ಹೇಳಿದಳು, ನಾನು ಕೇಳಿಸಿಕೊಂಡೆ, ಬೆರ್ನಾರ್ದಾ "ಅಯ್ಯೋ ಪಾಪ" ಎಂದಳು. ಮೂವರೂ ಗುಡುಗಿನ ತಾಯಿಯನ್ನು ಮನಸಾರೆ ಬೈದೆವು. ಎಂಥ ಕಲ್ಲು ಮನಸ್ಸಿನವಳು, ಹೆತ್ತ ಮಗನನ್ನು ಕಾಯಿಸಿ ಬಾರದೆ ಹೋದಳಲ್ಲ ಎಂದು ಬೆರ್ನಾರ್ದಾಳೇ ಎಲ್ಲರಿಗಿಂತ ಜಾಸ್ತಿ ಬೈದಳು.

ಊರಿಗೆ ಹಿಂತಿರುಗುವ ಬಸ್ಸಿನ ಹೊತ್ತಾಯಿತೆಂದು ಅವಳು ಎದ್ದಳು. ಕೊಮಾದ್ರೆ ತಟ್ಟೆಯಲ್ಲಿ ಗುಡುಗಿಗೆ ಊಟ ಕಟ್ಟಿಕೊಂಡು, "ನಾನೂ ಅತ್ಲಾಗೇ ಹೊರಟೆ, ಬನ್ನಿ," ಎಂದಳು. ನಾನು ಅಂಗಡಿಗೆ ಬೀಗ ಹಾಕಿದೆ. ಗಿರಾಕಿಗಳು ಬೈದುಕೊಳ್ಳಲಿ, ಆ ಹೆಂಗಸನ್ನು ಹಾಗೆ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಒಂದು ಕೈಯಲ್ಲಿ ಮಗನ ಊಟ, ಇನ್ನೊಂದು ಕೈಯಲ್ಲಿ ಅವನ ತಾಯಿಯ ತೋಳು ಹಿಡಿದುಕೊಂಡು ಕೊಮಾದ್ರೆ ಏರು ಹತ್ತುತ್ತಿದ್ದಳು. ಹಿಂದಿನಿಂದ ನಾನು ದಿಂಬು ಹೊತ್ತಿದ್ದೆ. ಮೂರು ಹೆಂಗಸರ ತಲೆ ಸೇರಿಸಿದರೂ ಒಂದು ತಲೆಯಾಗಲಿಲ್ಲ.

ದಾರಿಯಲ್ಲಿ ಬೆರ್ನಾರ್ದಾ ಗಂಡನ ಮಾತು ತೆಗೆದಳು. "ನಮ್ಮ ಯಜಮಾನ್ರು ಇದ್ದಿದ್ರೆ ಹುಡುಗ ಹಿಂಗಾಗ್ತಿರ್ಲಿಲ್ಲ. ಅವ್ರು ನಕ್ರೆ ಕಣವ್ವ, ಕೊಟ್ಟಿಗೇಲಿ ದನ ಎದ್ದು ನಿಲ್ತಿದ್ವು. ಜೊನಾಸ್ ನಗ್ತವ್ನೆ ಅಂತ ಪಕ್ಕದೂರಿಗೆ ಗೊತ್ತಾಗ್ತಿತ್ತು. ಅವರು ಹೋದ್ಮೇಲೆ ನಮ್ಮನೇಲಿ ತಟ್ಟೆ ಇಟ್ಟ ಸದ್ದೂ ಇಲ್ಲ."

ಬಸ್ ನಿಲ್ದಾಣದಲ್ಲಿ ಗುಡುಗು ಕಟ್ಟೆಯ ತುದಿಯಲ್ಲಿ ಕೂತಿದ್ದ. ಹಸಿರು ಬಣ್ಣ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಫಲಕ ಬೆನ್ನ ಕಡೆಗೆ ತಿರುಗಿತ್ತು. ನಮಗೆ ಬೆನ್ನು ಮಾಡಿ ಬಸ್ ಬರುವ ದಾರಿಯನ್ನೇ ನೋಡುತ್ತಿದ್ದ. ಬೆರ್ನಾರ್ದಾ ಅವನನ್ನು ಒಮ್ಮೆ ನೋಡಿ, ಪಾಪದ ಹುಡುಗ ಎನ್ನುವ ಹಾಗೆ ನಿಟ್ಟುಸಿರು ಬಿಟ್ಟು, ಟಿಕೆಟ್ ಕಿಟಕಿಯ ಕಡೆ ನಡೆದಳು.

"ಏ ಗುಡುಗು," ಎಂದು ಕೊಮಾದ್ರೆ ಅವನ ಬೋಳುತಲೆಯ ಮೇಲೊಂದು ಪೆಟ್ಟು ಕೊಟ್ಟಳು. "ಒಣಗಿದ ಹಲ್ಲಿ ಹಾಗೆ ಆಗಿದೀಯಲ್ಲೋ. ತಿನ್ನು ತಗೋ. ನಿನ್ನ ಪಾಲಿನ ಹಂದಿಕಿವಿ ಪಾದ್ರಿ ತಿಂದ, ಬಾಲ ಮಾತ್ರ ಉಳಿಸಿದೀನಿ."

ಅವನು ಬೇಸರದಲ್ಲಿದ್ದ. ಆದರೂ ತಟ್ಟೆ ತೆರೆದಾಗ ಸಾರಿನ ನಡುವೆ ಆ ಬಾಲ ಸೆಟೆದು ನಿಂತಿದ್ದನ್ನು ಕಂಡು ತಡೆಯಲಾಗಲಿಲ್ಲ. ಹೊಟ್ಟೆಯೊಳಗಿಂದ ಉರುಳಿ ಬಂತು, ಗಂಟಲಲ್ಲಿ ಒಂದು ಕ್ಷಣ ನಿಂತಿತು, ಸಿಡಿಯಿತು.

ಟಿಕೆಟ್ ಕಿಟಕಿಯ ಹತ್ತಿರ ಡಬ್ಬಿ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಬೆರ್ನಾರ್ದಾ ಗೋಡೆ ಹಿಡಿದುಕೊಂಡು ನಿಂತಿದ್ದಳು.

"ಜೊನಾಸ್," ಎಂದಳು.

ಹುಡುಗ ತಟ್ಟೆ ಹಿಡಿದೇ ತಿರುಗಿದ.

"ಅವ್ವಾ?"

ಅವಳು ಹತ್ತಿರ ಬಂದಳು. ಹಸಿರು ಮುಖವನ್ನು ನೋಡಿದಳು, ಬೋಳು ತಲೆಯನ್ನು ನೋಡಿದಳು, ಮತ್ತೆ ಮುಖ ನೋಡಿದಳು. ಶಾಲಿನ ತುದಿಗೆ ಎಂಜಲು ಹಚ್ಚಿ ಅವನ ಕೆನ್ನೆ ತಿಕ್ಕಿದಳು. ಬಣ್ಣದ ಕೆಳಗೆ ಸ್ವಲ್ಪ ಮಗ ಕಂಡ. ಇನ್ನೂ ಜೋರಾಗಿ ತಿಕ್ಕಿದಳು.

"ಏನ್ ಮಾಡವ್ರೋ ನಿನ್ಗೆ?"

"ಸ್ವಾಗತ ಮಾಡವ್ರೆ ಅವ್ವ."

"ಕೂದ್ಲು ಎಲ್ಲೋ?"

"ಬರ್ತೈತೆ ಬಿಡು."

"ಬೆಳಗಿಂದ ಹುಡುಕ್ತಾ ಇವ್ನಿ. ನಿನ್ನ ಹೆಸರಿನೋರು ಯಾರೂ ಇಲ್ಲ ಅಂದ್ರು. ಇವ್ರೇ ಅಂದ್ರು."

ಹುಡುಗ ಕೊಮಾದ್ರೆಯನ್ನು ನೋಡಿದ. ಕೊಮಾದ್ರೆ ನನ್ನನ್ನು ನೋಡಿದಳು. ನಾನು ದಿಂಬು ನೋಡಿದೆ. ಕೊಮಾದ್ರೆಯ ಮುಖ ಹಾಗೆ ಕುಗ್ಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ನಾನೇ ಅಂದೆ," ಎಂದಳು. "ನಗದ ಹುಡುಗ ಅಂದ್ರಿ, ದೋನಾ. ಇವನು ದಿನಾ ನಗ್ತಾನೆ."

ಬೆರ್ನಾರ್ದಾ ಮಗನನ್ನು ಕೇಳಿದಳು. "ಮನೇಲಿ ಯಾಕೋ ಒಂದಿನಾನೂ ನಗಲಿಲ್ಲ?"

ಅವನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟ. ಮುಖದ ನಗು ಪೂರ್ತಿ ಇಳಿಯಿತು. ಆಗ ಮಾತ್ರ ಅವನು ತಾಯಿ ಹೇಳಿದ ಹುಡುಗನ ಹಾಗೆ ಕಂಡ.

"ಒಂದ್ಸಲ ನಕ್ಕೆ ಅವ್ವ. ಅಪ್ಪ ತೀರ್ಕೊಂಡ ವರ್ಷ. ನೀನು ಒಳಗಿಂದ ಓಡಿ ಬಂದೆ, ಬಾಗಿಲಲ್ಲಿ ನಿಂತು ನೋಡ್ದೆ. ಅಪ್ಪ ಅಲ್ಲ, ನಾನು ಅಂತ ಗೊತ್ತಾಗಿ ಒಳಗೆ ಹೋಗಿ ಅತ್ತೆ. ಆಮೇಲೆ ನಗೋಕೆ ಭಯ ಆಯ್ತು."

ಆ ತಾಯಿಯ ದುಃಖ ಹೇಳತೀರದು. ಬಸ್ ಬಂತು. ಕಂಡಕ್ಟರ್ ಊರಿನ ಹೆಸರು ಕೂಗಿದ. ಅವಳು ಮಗನನ್ನು ಕರೆದುಕೊಂಡು ಹತ್ತುತ್ತಾಳೋ, ಬಿಟ್ಟು ಹತ್ತುತ್ತಾಳೋ ಎಂದು ನಾನೂ ಕೊಮಾದ್ರೆಯೂ ಉಸಿರು ಹಿಡಿದು ನಿಂತೆವು. ಕೊಮಾದ್ರೆ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ನನ್ನ ಉಂಗುರ ಒತ್ತಿ ನೋಯುತ್ತಿತ್ತು. ಬೆರ್ನಾರ್ದಾ ಬಸ್ಸನ್ನು ನೋಡಿದಳು, ಮಗನ ತಟ್ಟೆಯನ್ನು ನೋಡಿದಳು.

"ಹುರುಳಿ ಸಾರು ತಿಂತೀಯೇನೋ ಈಗ?"

"ಎರಡು ತಟ್ಟೆ."

"ಹಂಗಾದ್ರೆ ಇಲ್ಲೇ ಇರು," ಎಂದಳು. ಬಸ್ ಹೊರಟುಹೋಯಿತು.

ಅವಳು ನಾಳೆಯ ಬಸ್ಸಿಗೆ ಹೋಗುವುದೆಂದಾಯಿತು. ಕುಂಟು ಮೇಜಿನಲ್ಲಿ ಸಾರು ಮತ್ತೆ ಬಿಸಿಯಾಯಿತು. ಪಾದ್ರಿ ನಡೆದದ್ದನ್ನು ಕೇಳಿ ತಾಯಿಯ ಮುಂದೆ ಮಂಡಿಯೂರಿ ಕ್ಷಮೆ ಬೇಡಿದ. ಅವನಿಗೆ ಅದಕ್ಕೂ ಒಂದು ಉಪದೇಶ ಸೇರಿಸದೆ ಇರಲಾಗಲಿಲ್ಲ. ಬೆರ್ನಾರ್ದಾ ತಂದಿದ್ದ ಹಾಲಿನ ಮಿಠಾಯಿಯ ಡಬ್ಬಿ ಬಿದ್ದು ಸೊಟ್ಟಗಾಗಿತ್ತು, ಮಿಠಾಯಿ ಚೆನ್ನಾಗಿಯೇ ಇತ್ತು. ಬೆರ್ನಾರ್ದಾ ಉಂಡಳು. ಉಂಡು ತಟ್ಟೆ ಸರಿಸಿ, ಬಡಿಸುತ್ತಿದ್ದವಳ ಕಡೆ ತಿರುಗಿದಳು.

"ನಿಮ್ಮ ಹೆಸರೇನವ್ವ?"

"ಕೊಮಾದ್ರೆ," ಎಂದ ಪಾದ್ರಿ.

"ಅದು ಕೆಲಸ ಅಲ್ವಾ ಮಗಾ. ಹೆಸರು?"

ಪಾದ್ರಿ ಪಕ್ಕದವನನ್ನು ನೋಡಿದ. ಪಕ್ಕದವನು ಏಳುನಿದ್ದೆಯನ್ನು ನೋಡಿದ. ಹನ್ನೆರಡು ತಲೆಗಳೂ ಒಂದು ಸುತ್ತು ತಿರುಗಿ ಕೊನೆಗೆ ನನ್ನ ಮೇಲೆ ನಿಂತವು. ನಾನು ಅವಳಿಗೆ ಎಷ್ಟೋ ವರ್ಷದಿಂದ ಬ್ರೆಡ್ ಕೊಡುತ್ತಿದ್ದೇನೆ, ಜಗಳವಾಡುತ್ತಿದ್ದೇನೆ, ಜ್ವರ ಬಂದಾಗ ಕಷಾಯ ಕೊಟ್ಟಿದ್ದೇನೆ. ನನಗೂ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಅವಳು ಸೌಟು ಕೆಳಗಿಟ್ಟು ಕೈ ಒರೆಸಿಕೊಂಡಳು. ಯಾರದೋ ಹೆಸರು ಹೇಳುವವಳ ಹಾಗೆ ಹೇಳಿದಳು. "ಎಟೆಲ್ವಿನಾ."

"ದೋನಾ ಎಟೆಲ್ವಿನಾ," ಎಂದಳು ಬೆರ್ನಾರ್ದಾ. "ನೀವಿಟ್ಟ ಹೆಸರು ಬೇಡ ಅನ್ನಲ್ಲ. ಆ ಹೆಸರಲ್ಲಿ ಅವನು ನಗ್ತಾನೆ. ಆದ್ರೆ ಅವರಪ್ಪ ಇಟ್ಟಿದ್ದು ಲೊರಿವಾಲ್ ಅಂತ. ದಿನಕ್ಕೊಂದ್ಸಲ ಹಂಗೆ ಕರೀರಿ. ಕಾಫಿ ಕೊಡ್ವಾಗ ಕರೆದ್ರೂ ಆಯ್ತು. ಮರೀದಿರ್ಲಿ."

ಕೊಮಾದ್ರೆ ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು.

ಮರುದಿನ ತಾಯಿಯನ್ನು ಮುಂಜಾನೆಯ ಬಸ್ಸಿಗೆ ಹತ್ತಿಸಿ ಬಂದರು. ದಿಂಬು ಮಗನ ಹಾಸಿಗೆಯ ಮೇಲೆ ಉಳಿಯಿತು. ನಾನು ಅಂಗಡಿಯಲ್ಲಿ ಬನ್ನು ಜೋಡಿಸುತ್ತಿದ್ದೆ. ಎದುರಿನ ಅಡುಗೆಮನೆಯ ಕಿಟಕಿ ತೆರೆದಿತ್ತು.

"ಲೊರಿವಾಲ್," ಎಂದು ಕೊಮಾದ್ರೆ ಕೂಗಿದಳು. ನಾಲಿಗೆ ಹೊರಳದೆ ಕಷ್ಟಪಟ್ಟು ಕೂಗಿದಳು. "ಲೊರಿವಾಲ್, ಕಾಫಿ ಆರ್ತಾ ಇದೆ."

ಯಾರೂ ಬರಲಿಲ್ಲ. ಅವಳು ಮತ್ತೆ ಕೂಗಿದಳು. ಗುಡುಗು ಅವಳ ಮಗ್ಗುಲಲ್ಲೇ ಬಾಯಿ ತುಂಬ ಬ್ರೆಡ್ ತುರುಕಿಕೊಂಡು ಕೂತಿದ್ದ. ಬಾಗಿಲ ಕಡೆ ಕತ್ತು ತಿರುಗಿಸಿ, "ಯಾರು ಕೊಮಾದ್ರೆ ಅದು? ಹೊಸ ಹುಳ ಬಂದಿದ್ಯಾ?" ಎಂದ.

ಸೌಟಿನ ಏಟು ಬಿದ್ದ ಸದ್ದು ಕೇಳಿತು. ಆಮೇಲೆ ಅವನಿಗೆ ಹೊಳೆದಿರಬೇಕು. ನಗು ಬಂತು, ತಟ್ಟೆಗಳು ಗಲಗಲ ಅಂದವು. ಅದು ಅಡಗಿದ ಮೇಲೆ ಅವನೇ ಬಹಳ ಮರ್ಯಾದೆಯ ಧ್ವನಿ ಮಾಡಿ ಕರೆದ.

"ದೋನಾ ಎಟೆಲ್ವಿನಾ, ಇನ್ನೊಂದು ಲೋಟ ಕೊಡ್ತೀರಾ?"

ಅವಳು ತಿರುಗಲಿಲ್ಲ. ಒಲೆಯ ಕಡೆ ಮುಖ ಮಾಡಿ ಹಾಲು ಕಲಕುತ್ತಲೇ ಇದ್ದಳು. ಅವನು ಇನ್ನೊಂದು ಸಲ ಕರೆಯಬೇಕಾಯಿತು.